ಸೀಸದ ಏಪ್ರನ್ ಬೇಡ, ಗಡ್ಡ ಬೋಳಿಸಿಕೊಂಡು ಬನ್ನಿ

ಯುರೇನಿಯಂ ಕಾರ್ಖಾನೆ ಅಂದ ತಕ್ಷಣ ಬಹಳ ಜನರ ತಲೆಯಲ್ಲಿ ಮೂಡುವುದು ಸಿನಿಮಾದ ಚಿತ್ರ. ಹಸಿರಾಗಿ ಮಿನುಗುವ ಲೋಹ, ಸೀಸದ ಏಪ್ರನ್ ತೊಟ್ಟ ಕೆಲಸಗಾರ, ಅವನ ಜೇಬಿನಲ್ಲಿ ಅಯೋಡಿನ್ ಮಾತ್ರೆ. ಮೂರೂ ತಪ್ಪು. ಯುರೇನಿಯಂ ಲೋಹ ಮಿನುಗುವುದಿಲ್ಲ. ಹೊಸದಾಗಿ ಕತ್ತರಿಸಿದಾಗ ಬೆಳ್ಳಿ ಬಣ್ಣ, ಗಾಳಿ ತಾಗಿದ ಮೇಲೆ ಕಪ್ಪು, ಅಷ್ಟೆ. ಅಯೋಡಿನ್ ಮಾತ್ರೆ ಕಾಪಾಡುವುದು ಥೈರಾಯ್ಡ್ ಗ್ರಂಥಿಯನ್ನು, ಅದೂ ವಿಕಿರಣಶೀಲ ಅಯೋಡಿನ್‌ನಿಂದ ಮಾತ್ರ. ಆ ಅಯೋಡಿನ್ ಹುಟ್ಟುವುದು ಪರಮಾಣು ಸೀಳಿದಾಗ, ಅಂದರೆ ರಿಯಾಕ್ಟರಿನಲ್ಲಿ. ಅದಿರನ್ನು ಶುದ್ಧ ಮಾಡಿ ಇಂಧನದ ಗುಳಿಗೆ ಮಾಡುವ ಕಡೆ ಅದಕ್ಕೆ ಕೆಲಸವೇ ಇಲ್ಲ.

ಅಲ್ಲಿನ ನಿಜವಾದ ನಿಯಮಗಳು ಬೇರೆಯೇ. ಗಡ್ಡ ಬಿಡಬೇಡಿ. ಚೂಯಿಂಗ್ ಗಮ್ ಅಗಿಯಬೇಡಿ. ಕೈ ಒರೆಸಿಕೊಂಡು ಆಮೇಲೆ ಮೀಟರಿಗೆ ಹಿಡಿಯಿರಿ. ಬಾಟಲಿಯಲ್ಲಿ ಮೂತ್ರ ಕೊಡಿ. ಹೇಳಿದ ಪಾತ್ರೆ ಬಿಟ್ಟು ಬೇರೆ ಪಾತ್ರೆ ಬಳಸಬೇಡಿ. ಓದಿದರೆ ನಗು ಬರುತ್ತದೆ. ಅಣುಶಕ್ತಿಯಂಥ ದೊಡ್ಡ ವಿಷಯಕ್ಕೆ ಇಷ್ಟು ಸಣ್ಣ ಸಣ್ಣ ನಿಯಮಗಳಾ ಅನ್ನಿಸುತ್ತದೆ. ಆದರೆ ಒಂದೊಂದರ ಹಿಂದೆಯೂ ಗಟ್ಟಿ ಭೌತಶಾಸ್ತ್ರ ಇದೆ.

ಮೊದಲು ಒಂದು ಲೆಕ್ಕ. ನೈಸರ್ಗಿಕ ಯುರೇನಿಯಂನ ಬಹುಪಾಲು ಯುರೇನಿಯಂ-238. ಅದರ ಅರ್ಧಾಯು, ಅಂದರೆ ಇರುವ ಪರಮಾಣುಗಳಲ್ಲಿ ಅರ್ಧ ಒಡೆಯಲು ಹಿಡಿಯುವ ಕಾಲ, ಸುಮಾರು 447 ಕೋಟಿ ವರ್ಷ, ಹೆಚ್ಚು ಕಡಿಮೆ ಭೂಮಿಯ ವಯಸ್ಸಿನಷ್ಟು. ‘ಅಷ್ಟು ಕೋಟಿ ವರ್ಷ ವಿಕಿರಣ ಸೂಸುತ್ತಾ!’ ಅಂತ ಗಾಬರಿಯಾಗುವವರು ಇದನ್ನು ತಲೆಕೆಳಗಾಗಿ ಓದುತ್ತಿದ್ದಾರೆ. ಅರ್ಧಾಯು ಉದ್ದ ಅಂದರೆ ಪರಮಾಣುಗಳು ಒಡೆಯುವುದು ನಿಧಾನ ಅಂತ ಅರ್ಥ. ಒಂದು ಗ್ರಾಂ ನೈಸರ್ಗಿಕ ಯುರೇನಿಯಂ ಸೆಕೆಂಡಿಗೆ ಸುಮಾರು 25 ಸಾವಿರ ಆಲ್ಫಾ ಕಣ (ಪರಮಾಣು ಒಡೆದಾಗ ಚಿಮ್ಮುವ ಭಾರದ ಚೂರು) ಹೊರಹಾಕುತ್ತದೆ. ಒಂದು ಗ್ರಾಂ ರೇಡಿಯಂನಲ್ಲಿ ಅದೇ ಒಂದು ಸೆಕೆಂಡಿಗೆ ಸುಮಾರು 3,700 ಕೋಟಿ ಪರಮಾಣು ಒಡೆಯುತ್ತವೆ. ಎರಡಕ್ಕೂ ‘ವಿಕಿರಣಶೀಲ’ ಅನ್ನುವ ಒಂದೇ ಹಣೆಪಟ್ಟಿ ಹಚ್ಚಿ ಕೂತರೆ ಏನೂ ತಿಳಿಯುವುದಿಲ್ಲ.

ಇನ್ನು ಆಲ್ಫಾ ಕಣದ ಓಟ. ಗಾಳಿಯಲ್ಲಿ ಕೆಲವೇ ಸೆಂಟಿಮೀಟರ್. ದೇಹದ ಮಾಂಸದಲ್ಲಿ ಸುಮಾರು 30ರಿಂದ 40 ಮೈಕ್ರೋಮೀಟರ್ (ಒಂದು ಮೈಕ್ರೋಮೀಟರ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಚರ್ಮದ ಕೆಳಗೆ ಲೆಕ್ಕಕ್ಕೆ ಬರುವ ಜೀವಂತ ಕೋಶಗಳು ಸಿಗುವುದು ಸುಮಾರು 70 ಮೈಕ್ರೋಮೀಟರ್ ಆಳದಲ್ಲಿ ಅಂತ ಸುರಕ್ಷತೆಯ ಲೆಕ್ಕಗಳು ಹಿಡಿಯುತ್ತವೆ. ಅಂದರೆ ಕಣ ಅಲ್ಲಿಗೆ ತಲುಪುವುದೇ ಇಲ್ಲ, ಮೇಲಿನ ಸತ್ತ ಪದರದಲ್ಲೇ ಮುಗಿದುಹೋಗುತ್ತದೆ. ಕಾಗದದ ಹಾಳೆ ತಡೆಯುವುದನ್ನು ತಡೆಯಲು ಸೀಸ ಯಾಕೆ? ಕೆಲಸಗಾರರು ಇಂಧನದ ಗುಳಿಗೆಗಳನ್ನು ತೆಳು ಕೈಗವಸು ಹಾಕಿಕೊಂಡು ಮುಟ್ಟುವುದು ಇದರಿಂದಲೇ.

ಆದರೆ ಅದೇ ಯುರೇನಿಯಂ ಪುಡಿಯಾಗಿ ಉಸಿರಿನಲ್ಲಿ ಹೋದರೆ ಕಥೆ ಬೇರೆ. ಶ್ವಾಸಕೋಶಕ್ಕೆ ಸತ್ತ ಚರ್ಮದ ಹೊದಿಕೆ ಇಲ್ಲ. ಹೊರಗಿದ್ದಾಗ ನಮ್ಮನ್ನು ಕಾಪಾಡಿದ್ದ ಆ ಪುಟ್ಟ ಓಟವೇ ಒಳಗೆ ಹೋದಾಗ ಮುಳುವಾಗುತ್ತದೆ. ಕಣ ತನ್ನ ಪೂರ್ತಿ ಶಕ್ತಿಯನ್ನು ಅಕ್ಕಪಕ್ಕದ ಕೆಲವೇ ಕೋಶಗಳಿಗೆ ಸುರಿಯುತ್ತದೆ. ಅದಕ್ಕೇ ಡೋಸ್ ಲೆಕ್ಕದಲ್ಲಿ ಆಲ್ಫಾಗೆ, ಎಕ್ಸ್-ರೇಯಂತೆ ದೇಹವನ್ನು ತೂರಿಹೋಗುವ ಗಾಮಾ ಕಿರಣಕ್ಕಿಂತ 20 ಪಟ್ಟು ತೂಕ.

ಪುಡಿಯ ಗಾತ್ರವೂ ಮುಖ್ಯ. ದಪ್ಪ ಕಣಗಳು ಮೂಗು, ಗಂಟಲಿನಲ್ಲೇ ಸಿಕ್ಕಿಕೊಳ್ಳುತ್ತವೆ, ಸೀತರೆ ಹೊರಗೆ ಬರುತ್ತವೆ. ಕಣ ಸಣ್ಣದಾದಷ್ಟೂ ಆಳಕ್ಕೆ ಇಳಿಯುತ್ತದೆ. ಶ್ವಾಸನಾಳದ ಗೋಡೆಯಲ್ಲಿ ಕೂದಲಿನಂಥ ಸೂಕ್ಷ್ಮ ಎಳೆಗಳಿವೆ, ಕಸವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ತೀರಾ ಒಳಗಿನ ಗಾಳಿಗೂಡುಗಳಲ್ಲಿ ಆ ಎಳೆಗಳಿಲ್ಲ. ಅಲ್ಲಿಗೆ ಹೋದ ಕಣವನ್ನು ದೇಹದ ಕಾವಲು ಕೋಶಗಳು ನುಂಗುತ್ತವೆ, ಆದರೆ ಕರಗಿಸಲು ಆಗುವುದಿಲ್ಲ. ಗುಳಿಗೆಯನ್ನು ಸುಮಾರು 1,700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಿರುತ್ತಾರೆ. ಹಾಗೆ ಸುಟ್ಟ ಯುರೇನಿಯಂ ಆಕ್ಸೈಡ್ ಅಷ್ಟು ಸುಲಭಕ್ಕೆ ಕರಗುವ ಜಾತಿಯದಲ್ಲ. ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ.

ಎಷ್ಟು ಒಳಗೆ ಹೋದರೆ ಜಾಸ್ತಿ? ಕೆಲಸಗಾರರಿಗೆ ಅಂತರರಾಷ್ಟ್ರೀಯ ಶಿಫಾರಸು ವರ್ಷಕ್ಕೆ 20 ಮಿಲಿಸೀವರ್ಟ್ (ದೇಹಕ್ಕೆ ತಾಗಿದ ವಿಕಿರಣದ ಅಳತೆ ಇದು), 5 ವರ್ಷದ ಸರಾಸರಿಯಲ್ಲಿ. ಯಾವುದೇ ಒಂದು ವರ್ಷದಲ್ಲಿ 50 ದಾಟಬಾರದು. ಸಾರ್ವಜನಿಕರಿಗೆ 1. ಕರಗದ ನೈಸರ್ಗಿಕ ಯುರೇನಿಯಂ ಪುಡಿಯಿಂದಲೇ ಆ 20 ತುಂಬಬೇಕಾದರೆ, ಲೆಕ್ಕ ಹಾಕಿದರೆ, ಇಡೀ ವರ್ಷಕ್ಕೆ ಒಂದು ಗ್ರಾಂನ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಉಸಿರಾಡಿದರೆ ಸಾಕು. ಟನ್‌ಗಟ್ಟಲೆ ಪುಡಿ ಓಡಾಡುವ ಜಾಗದಲ್ಲಿ ಅದು ಎಷ್ಟು ಸಣ್ಣ ಪ್ರಮಾಣ ಅಂತ ಯೋಚಿಸಿ. ಮಿತಿಯೊಳಗೆ ಇದ್ದರೆ ಸಾಲದು, ಸಾಧ್ಯವಾದಷ್ಟೂ ಕಡಿಮೆ ಇರಬೇಕು ಅನ್ನುವ ಇನ್ನೊಂದು ನಿಯಮವೂ ಇದರ ಜೊತೆಗಿದೆ.

ಈಗ ಗಡ್ಡದ ವಿಷಯಕ್ಕೆ ಬರೋಣ. ಪುಡಿಯ ಕೆಲಸ ಸಾಮಾನ್ಯವಾಗಿ ಗ್ಲವ್ ಬಾಕ್ಸ್ (ಕೈಗವಸು ಜೋಡಿಸಿದ ಮುಚ್ಚಿದ ಪೆಟ್ಟಿಗೆ) ಅಥವಾ ಮುಚ್ಚಿದ ಗೂಡಿನೊಳಗೆ ನಡೆಯುತ್ತದೆ. ಒಳಗಿನ ಒತ್ತಡ ಹೊರಗಿಗಿಂತ ಕಡಿಮೆ. ಸಂದಿ ಬಿಟ್ಟರೂ ಗಾಳಿ ಒಳಕ್ಕೆ ನುಗ್ಗುತ್ತದೆ, ಪುಡಿ ಹೊರಕ್ಕೆ ಬರುವುದಿಲ್ಲ. ರಿಪೇರಿಗೆ ಅದನ್ನು ತೆರೆದಾಗ ಮುಖಕ್ಕೆ ರೆಸ್ಪಿರೇಟರ್ ಬೇಕು. ಅದರ ರಬ್ಬರ್ ಅಂಚು ಚರ್ಮಕ್ಕೆ ಅಂಟಿಕೊಂಡು ಕೂತರೆ ಮಾತ್ರ ಫಿಲ್ಟರಿಗೆ ಬೆಲೆ. ನಡುವೆ ಕುರುಚಲು ಗಡ್ಡ ಇದ್ದರೆ ಗಾಳಿ ಫಿಲ್ಟರನ್ನು ಬಿಟ್ಟು ಕೂದಲಿನ ಸಂದಿಯಿಂದಲೇ ಬರುತ್ತದೆ. ಎಷ್ಟು ದುಬಾರಿ ಮಾಸ್ಕ್ ಇದ್ದರೂ ಅಷ್ಟೇ.

ಹೊರಗೆ ಬರುವಾಗ ಕೈಕಾಲು ತಪಾಸಣೆ. ಆಲ್ಫಾ ಮೀಟರನ್ನು ಅಂಗೈಯಿಂದ ಅರ್ಧ ಸೆಂಟಿಮೀಟರ್ ದೂರದಲ್ಲಿ, ನಿಧಾನಕ್ಕೆ ಸರಿಸಬೇಕು. ಅವಸರದಲ್ಲಿ ಬೀಸಿದರೆ ಅದು ಏನನ್ನೂ ಎಣಿಸುವುದಿಲ್ಲ. ಕೈ ಒದ್ದೆ ಇದ್ದರೆ ಇನ್ನೂ ಮೋಸ. ನೀರಿನ ತೆಳು ಪದರವೇ ಆಲ್ಫಾ ಕಣಗಳನ್ನು ನುಂಗಿಬಿಡುತ್ತದೆ. ಮೀಟರ್ ಸೊನ್ನೆ ತೋರಿಸುತ್ತದೆ, ಪುಡಿ ಮಾತ್ರ ಉಗುರಿನ ಸಂದಿಯಲ್ಲಿ ಮನೆಗೆ ಹೋಗುತ್ತದೆ. ತೊಳೆದ ಕೈಯನ್ನು ಒರೆಸಿಯೇ ಹಿಡಿಯಬೇಕು ಅನ್ನುವುದು ಇದಕ್ಕೆ.

ತಿನ್ನಬೇಡಿ, ಕುಡಿಯಬೇಡಿ, ಸೇದಬೇಡಿ, ಅಲ್ಲಿ ಲಿಪ್‌ಸ್ಟಿಕ್ ಕೂಡ ಬೇಡ. ಕೈಯಿಂದ ಬಾಯಿಗೆ ಹೋಗುವ ದಾರಿ ಎಷ್ಟು ಕೆಟ್ಟದ್ದು ಅಂತ ಜಗತ್ತು ಕಲಿತದ್ದು ಅಮೆರಿಕದ ಗಡಿಯಾರ ಕಾರ್ಖಾನೆಗಳಲ್ಲಿ. 1917ರ ನಂತರ ಅಲ್ಲಿ ಹುಡುಗಿಯರು ಗಡಿಯಾರದ ಅಂಕಿಗಳಿಗೆ ರೇಡಿಯಂ ಬಣ್ಣ ಹಚ್ಚುತ್ತಿದ್ದರು. ಕುಂಚದ ತುದಿ ಚೂಪಾಗಲಿ ಅಂತ ತುಟಿಗೆ ಇಟ್ಟು ಎಳೆಯುತ್ತಿದ್ದರು. ಹಾಗೆ ಮಾಡಿ ಅಂತ ಅವರಿಗೆ ಹೇಳಿಕೊಟ್ಟಿದ್ದರು! ದವಡೆಯ ಮೂಳೆ ಕೊಳೆತು ಸತ್ತವರ ಕೇಸುಗಳು ಕೋರ್ಟಿಗೆ ಹೋದವು. ಕೊನೆಗೆ 1941ರಲ್ಲಿ ದೇಹದೊಳಗಿನ ರೇಡಿಯಂಗೆ 0.1 ಮೈಕ್ರೋಗ್ರಾಂ ಮಿತಿ ಬಂತು.

ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜ್ ಬಗ್ಗೆಯೂ ಒಂದು ಭ್ರಮೆ ಇದೆ. ಅದು ಅಳೆಯುವುದು ಹೊರಗಿನಿಂದ ಬರುವ ಬೀಟಾ (ಆಲ್ಫಾಗಿಂತ ದೂರ ಓಡುವ ಹಗುರ ಕಣ), ಗಾಮಾ ವಿಕಿರಣವನ್ನು. ಉಸಿರಿನಲ್ಲಿ ಒಳಗೆ ಹೋದ ಯುರೇನಿಯಂ ಅದಕ್ಕೆ ಕಾಣುವುದೇ ಇಲ್ಲ. ಒಳಗೆ ಹೋದದ್ದರಲ್ಲಿ ಸ್ವಲ್ಪ ಮೂತ್ರದಲ್ಲಿ ಹೊರಬರುತ್ತದೆ, ಅದಕ್ಕೇ ಮೂತ್ರದ ಬಾಟಲಿ. ಬಾಟಲಿ ತುಂಬಿಸುವುದನ್ನೂ ಕೆಲಸದ ಜಾಗದಿಂದ ದೂರದಲ್ಲೇ ಮಾಡಬೇಕು, ಇಲ್ಲದಿದ್ದರೆ ಬಟ್ಟೆಯ ಪುಡಿಯೇ ಅದರೊಳಗೆ ಬೀಳುತ್ತದೆ. ಒಂದು ತಮಾಷೆ ಅಂದರೆ ನಮ್ಮ ನಿಮ್ಮ ಮೂತ್ರದಲ್ಲೂ ಯುರೇನಿಯಂ ಇದೆ. ಊಟ, ನೀರಿನ ಮೂಲಕ ಎಲ್ಲರೂ ದಿನಕ್ಕೆ ಸರಾಸರಿ 1–2 ಮೈಕ್ರೋಗ್ರಾಂ ಸೇವಿಸುತ್ತೇವೆ. ಲ್ಯಾಬಿನವರು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಶ್ವಾಸಕೋಶದ ಮೇಲೆ ಡಿಟೆಕ್ಟರ್ ಇಟ್ಟು ನೇರವಾಗಿ ಅಳೆಯುವ ಕೋಣೆಗಳೂ ಇವೆ. ದಪ್ಪ ಲೋಹದ ಗೋಡೆ ನಿಮಗೆ ಕೊನೆಗೂ ಸಿಗುವುದು ಇಲ್ಲೇ, ಆದರೆ ಅದು ಇರುವುದು ಯಂತ್ರವನ್ನು ಕಾಪಾಡಲು. ಎದೆಯಿಂದ ಬರುವ ಸಂಕೇತ ತೀರಾ ಸಣ್ಣದು, ಹೊರಗಿನ ಪ್ರಪಂಚದ ಮಾಮೂಲಿ ವಿಕಿರಣದಲ್ಲಿ ಮುಳುಗಿಹೋಗುತ್ತದೆ. ಈ ಗೋಡೆಗೆ ಹಳೆಯ ಉಕ್ಕು ಹುಡುಕುತ್ತಿದ್ದರು. 1945ರ ನಂತರ ಅಣುಬಾಂಬ್ ಸ್ಫೋಟಗಳ ಧೂಳು ಗಾಳಿಯಲ್ಲಿ ಬೆರೆತು ಹೊಸ ಉಕ್ಕಿಗೂ ಸೇರಿತ್ತು. 1919ರಲ್ಲಿ ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋದಲ್ಲಿ ಮುಳುಗಿದ ಜರ್ಮನ್ ಯುದ್ಧನೌಕೆಗಳ ಉಕ್ಕು ಇಂಥ ಕೆಲಸಕ್ಕೆ ಬಂದಿದೆ.

ಧೂಳಿನ ಭಯಕ್ಕೆ ಇನ್ನೂ ಹಳೆಯ ಚರಿತ್ರೆ ಇದೆ. ಮಧ್ಯ ಯುರೋಪಿನ ಗಣಿಗಳ ಬಗ್ಗೆ 1556ರಲ್ಲಿ ಪ್ರಕಟವಾದ, ಜರ್ಮನ್ ವಿದ್ವಾಂಸ ಅಗ್ರಿಕೋಲನ ಗ್ರಂಥದಲ್ಲಿ, ಕಾರ್ಪೇಥಿಯನ್ ಗಣಿ ಊರುಗಳಲ್ಲಿ ಏಳು ಗಂಡಂದಿರನ್ನು ಕಳೆದುಕೊಂಡ ಹೆಂಗಸರಿದ್ದಾರೆ ಅನ್ನುವ ಮಾತು ಬರುತ್ತದೆ. ಗಣಿಯ ಗಾಳಿ ಸರಿಮಾಡುವ ಯಂತ್ರಗಳನ್ನೂ ಆತ ವಿವರಿಸುತ್ತಾನೆ. ಜೊತೆಗೇ, ಕೆಲವು ಗಣಿಗಳಲ್ಲಿ ಪಿಶಾಚಿಗಳಿವೆ, ಪ್ರಾರ್ಥನೆ ಉಪವಾಸದಿಂದ ಓಡುತ್ತವೆ ಅಂತಲೂ ಬರೆಯುತ್ತಾನೆ. ಒಂದೇ ತಲೆಯಲ್ಲಿ ಎರಡೂ! ಜರ್ಮನಿಯ ಶ್ನೀಬರ್ಗ್ ಗಣಿಗಾರರ ‘ಬೆಟ್ಟದ ರೋಗ’ ಎದೆಯೊಳಗಿನ ಕ್ಯಾನ್ಸರ್ ಅಂತ ಹಾರ್ಟಿಂಗ್ ಮತ್ತು ಹೆಸ್ಸೆ ಅನ್ನುವ ವೈದ್ಯರು ತೋರಿಸಿದ್ದು 1879ರಲ್ಲಿ, ವಿಕಿರಣಶೀಲತೆ ಪತ್ತೆಯಾಗುವ 17 ವರ್ಷ ಮೊದಲು. ಪಿಶಾಚಿಯ ಹೆಸರು ರೇಡಾನ್ ಅಂತ ಆಮೇಲೆ ಗೊತ್ತಾಯಿತು. ಯುರೇನಿಯಂ ಒಡೆದಾಗ ಒಂದರಿಂದೊಂದು ಹುಟ್ಟುವ ಧಾತುಗಳ ಸರಪಳಿಯಲ್ಲಿ ರೇಡಿಯಂನಿಂದ ಹುಟ್ಟುವ ಅನಿಲ ಅದು. ಅದನ್ನು ಓಡಿಸಲು ಬೇಕಿದ್ದದ್ದು ಪ್ರಾರ್ಥನೆಯಲ್ಲ, ಗಾಳಿಯ ಓಡಾಟ.

ಆದರೆ ಗಣಿಯ ಭಯವನ್ನು ಇಂಧನ ಕಾರ್ಖಾನೆಗೆ ಹಾಗೇ ಎತ್ತಿ ತರಬಾರದು. ಶುದ್ಧ ಮಾಡುವಾಗ ರೇಡಿಯಂ ಅದಿರಿನ ತ್ಯಾಜ್ಯದಲ್ಲೇ ಉಳಿಯುತ್ತದೆ. ಶುದ್ಧ ಯುರೇನಿಯಂನಲ್ಲಿ ಅದು ಮತ್ತೆ ಲೆಕ್ಕಕ್ಕೆ ಬರುವಷ್ಟು ಬೆಳೆಯಲು ಸಾವಿರಾರು ವರ್ಷ ಬೇಕು. ಯುರೇನಿಯಂ-238 ಒಡೆದು ಹುಟ್ಟುವ ಥೋರಿಯಂ-234 ಮತ್ತು ಅದರ ಮರಿ ಪ್ರೊಟಾಕ್ಟಿನಿಯಂ ಮಾತ್ರ ಕೆಲವೇ ತಿಂಗಳಲ್ಲಿ ಮರಳಿ ಬರುತ್ತವೆ, ಬೀಟಾ ಮತ್ತು ಸ್ವಲ್ಪ ಗಾಮಾ ಸೂಸುತ್ತವೆ. ಬರಿಗೈ ಬೇಡ, ಕನ್ನಡಕ ಹಾಕಿ ಅನ್ನುವುದು ಇವುಗಳಿಂದಾಗಿ. ಇದರಿಂದ ಒಂದು ವಿಚಿತ್ರ ನಿಯಮ ಹುಟ್ಟಿದೆ: ಖಾಲಿ ಸಿಲಿಂಡರ್ ಹತ್ತಿರ ಜಾಸ್ತಿ ಹೊತ್ತು ನಿಲ್ಲಬೇಡಿ. ಸಿಲಿಂಡರಿನಲ್ಲಿ ತುಂಬಿಡುವ ಯುರೇನಿಯಂ ಹೆಕ್ಸಾಫ್ಲೋರೈಡನ್ನು (ಯುರೇನಿಯಂ ಮತ್ತು ಫ್ಲೋರಿನ್ ಕೂಡಿದ ವಸ್ತು) ಬಿಸಿ ಮಾಡಿ ಅನಿಲವಾಗಿ ತೆಗೆದಾಗ ಈ ಮರಿಗಳು ಆವಿಯಾಗದೆ ತಳದಲ್ಲಿ ಉಳಿಯುತ್ತವೆ. ಅವನ್ನು ತಡೆಯುತ್ತಿದ್ದ ಭಾರದ ಯುರೇನಿಯಂ ಈಗ ಇಲ್ಲ. ಹಾಗಾಗಿ ಆಗಷ್ಟೇ ಖಾಲಿಯಾದ ಸಿಲಿಂಡರ್, ತುಂಬಿದ್ದಕ್ಕಿಂತ ಹೆಚ್ಚು ಗಾಮಾ ಕೊಡುತ್ತದೆ. ಥೋರಿಯಂ-234ರ ಅರ್ಧಾಯು 24 ದಿನ, ಕೆಲವು ತಿಂಗಳು ಬಿಟ್ಟರೆ ತಾನಾಗಿ ತಣ್ಣಗಾಗುತ್ತದೆ. ಇದು ನನ್ನ ಅಚ್ಚುಮೆಚ್ಚಿನ ನಿಯಮ.

ಇದೇ ಹೆಕ್ಸಾಫ್ಲೋರೈಡ್ ವಿಕಿರಣಕ್ಕಿಂತ ಬೇರೆ ಕಾರಣಕ್ಕೆ ಹೆಚ್ಚು ಅಪಾಯಕಾರಿ. ಗಾಳಿಯ ತೇವ ತಾಗಿದರೆ ಸಾಕು, ಬಿಳಿ ಹೊಗೆಯೇಳುತ್ತದೆ. ಅದರಲ್ಲಿ ಕರಗುವ ಯುರೇನಿಯಂ ಜೊತೆಗೆ ಹೈಡ್ರೋಜನ್ ಫ್ಲೋರೈಡ್ ಅನ್ನುವ ಸುಡುವ ಆಸಿಡ್. 1986ರ ಜನವರಿ 4ರಂದು ಅಮೆರಿಕದ ಒಕ್ಲಹೋಮಾದ ಸಿಕ್ವೋಯಾ ಫ್ಯೂಯಲ್ಸ್ ಕಾರ್ಖಾನೆಯಲ್ಲಿ ಮಿತಿ ಮೀರಿ ತುಂಬಿದ ಸಿಲಿಂಡರನ್ನು ಕಾಯಿಸಿದರು. ಘನವಾಗಿದ್ದದ್ದು ಕರಗುವಾಗ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹಿಗ್ಗುತ್ತದೆ. ಸಿಲಿಂಡರ್ ಒಡೆಯಿತು. ಒಬ್ಬ ಕೆಲಸಗಾರ ಸತ್ತ, ಆಸಿಡ್ ಹೊಗೆ ಕುಡಿದು. ಕರಗುವ ಯುರೇನಿಯಂಗೆ ಕಿಡ್ನಿಯೇ ಗುರಿ, ಥೇಟ್ ಭಾರಲೋಹದ ವಿಷ. ಅಮೆರಿಕದ ನಿಯಮ ವಾರಕ್ಕೆ 10 ಮಿಲಿಗ್ರಾಂ ಅನ್ನುತ್ತದೆ, ಅದೂ ರಾಸಾಯನಿಕ ವಿಷದ ಲೆಕ್ಕದಲ್ಲಿ. ಚಿಕಿತ್ಸೆಗೆ ಬಳಸುವುದು ಸೋಡಿಯಂ ಬೈಕಾರ್ಬೊನೇಟ್, ಅಂದರೆ ಅಡುಗೆ ಸೋಡಾದ ವಸ್ತುವೇ. ಅದು ಯುರೇನಿಯಂ ಮೂತ್ರದಲ್ಲಿ ಹೊರಹೋಗಲು ನೆರವಾಗುತ್ತದೆ.

ಉಳಿದದ್ದು ಪಾತ್ರೆಯ ನಿಯಮ. ಒಂದು ಪರಮಾಣು ಸೀಳಿದಾಗ ನ್ಯೂಟ್ರಾನ್ ಅನ್ನುವ ಕಣಗಳು ಹೊರಬಂದು ಇನ್ನೊಂದನ್ನು ಸೀಳುತ್ತಾ ಹೋಗುವುದೇ ಸರಣಿ ಕ್ರಿಯೆ. ನೈಸರ್ಗಿಕ ಯುರೇನಿಯಂಗೆ ಮಾಮೂಲಿ ನೀರಿನ ಜೊತೆ ಅದು ಆಗುವುದಿಲ್ಲ. ಆದರೆ ಸುಲಭವಾಗಿ ಸೀಳುವ ಬಗೆಯಾದ ಯುರೇನಿಯಂ-235ರ ಪಾಲು ಹೆಚ್ಚಿಸಿದ್ದಾದರೆ, ಪಾತ್ರೆಯ ಆಕಾರವೇ ಜೀವ ಉಳಿಸುತ್ತದೆ. ಕೆಂಡ ಗುಡ್ಡೆ ಹಾಕಿದರೆ ಧಗಧಗ, ಸಾಲಾಗಿ ಹರಡಿದರೆ ಆರಿಹೋಗುತ್ತದೆ ಅಲ್ವಾ, ಹಾಗೆ. ಉದ್ದನೆಯ ಸಪೂರ ಕೊಳವೆಯಲ್ಲಿ ನ್ಯೂಟ್ರಾನ್‌ಗಳು ಬದಿಯಿಂದ ಸೋರಿಹೋಗುತ್ತವೆ. ಅಗಲ ಪಾತ್ರೆಯಲ್ಲಿ ಒಳಗೇ ಉಳಿದು ಇನ್ನೊಂದು ಪರಮಾಣುವನ್ನು ಸೀಳುತ್ತವೆ. ಸಣ್ಣ ಡಬ್ಬಿಯನ್ನು ದೊಡ್ಡ ಉಕ್ಕಿನ ಪಂಜರದ ನಡುವೆ ಬಿಗಿದು ಸಾಗಿಸುವುದೂ ಇದಕ್ಕೇ. ಪಂಜರಗಳು ಒಂದಕ್ಕೊಂದು ತಾಗಿದರೂ ಡಬ್ಬಿಗಳು ದೂರವೇ ಇರುತ್ತವೆ. ಕೆಲವು ಕೋಣೆಗಳಿಗೆ ನೀರು ತರುವುದಕ್ಕೂ ಕಡಿವಾಣ ಇದೆ. ನೀರು ನ್ಯೂಟ್ರಾನನ್ನು ನಿಧಾನ ಮಾಡುತ್ತದೆ, ನಿಧಾನದ ನ್ಯೂಟ್ರಾನ್ ಹೆಚ್ಚು ಪರಮಾಣು ಸೀಳುತ್ತದೆ.

ಜಪಾನಿನ ಟೋಕೈಮುರದಲ್ಲಿ, ಜೆಸಿಒ ಕಂಪನಿಯ ಘಟಕದಲ್ಲಿ, 1999ರ ಸೆಪ್ಟೆಂಬರ್ 30ರಂದು ನಡೆದದ್ದು ಇದೇ. ಯುರೇನಿಯಂ-235ರ ಪಾಲು 18.8 ಶೇಕಡಾ ಇದ್ದ ದ್ರಾವಣವನ್ನು ಸಪೂರ ಕೊಳವೆ ಬಿಟ್ಟು, ಸಮಯ ಉಳಿಸಲು ಸ್ಟೀಲ್ ಬಕೆಟ್ಟಿನಿಂದ ಅಗಲವಾದ ತೊಟ್ಟಿಗೆ ಸುರಿಯುತ್ತಿದ್ದರು. ಮಿತಿ 2.4 ಕಿಲೋ ಯುರೇನಿಯಂ, ಸುರಿದದ್ದು ಸುಮಾರು 16.6 ಕಿಲೋ. ಸರಣಿ ಕ್ರಿಯೆ ಶುರುವಾಗಿ ನೀಲಿ ಬೆಳಕು ಮಿಂಚಿತು. ಅಲ್ಲಿದ್ದ ಮೂವರು ಕೆಲಸಗಾರರಲ್ಲಿ ಇಬ್ಬರು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ನರಳಿ ಸತ್ತರು. ಇವರಿಗೆ ಸರಣಿ ಕ್ರಿಯೆಯ ಅಪಾಯದ ಬಗ್ಗೆ ಸರಿಯಾದ ತರಬೇತಿಯೇ ಸಿಕ್ಕಿರಲಿಲ್ಲ. ಬಕೆಟ್ ಬಳಕೆ ಕಂಪನಿಯ ಒಳ ಕೈಪಿಡಿಯಲ್ಲೇ ಇತ್ತು, ಸರ್ಕಾರದ ಒಪ್ಪಿಗೆ ಇಲ್ಲದೆ.

ಕ್ರಿಯೆ ಸುಮಾರು 20 ಗಂಟೆ ನಡೆಯಿತು. ತೊಟ್ಟಿಯ ಸುತ್ತ ತಂಪಿಗೆಂದು ಇದ್ದ ನೀರಿನ ಕವಚ ನ್ಯೂಟ್ರಾನ್‌ಗಳನ್ನು ವಾಪಸ್ ಒಳಕ್ಕೆ ತಳ್ಳುತ್ತಿತ್ತು. ಕೆಲಸಗಾರರು ಸರದಿಯಲ್ಲಿ, ಒಬ್ಬೊಬ್ಬರು ಕೆಲವೇ ನಿಮಿಷ ಹೋಗಿ ಆ ನೀರನ್ನು ಹೊರಬಿಟ್ಟರು. ಆಗ ಕ್ರಿಯೆ ನಿಂತಿತು. ಮತ್ತೆ ಶುರುವಾಗದಿರಲಿ ಅಂತ ನ್ಯೂಟ್ರಾನ್ ನುಂಗುವ ಬೋರಿಕ್ ಆಸಿಡ್ ಸುರಿದರು. 2003ರಲ್ಲಿ ನ್ಯಾಯಾಲಯ ಕಂಪನಿಗೆ 10 ಲಕ್ಷ ಯೆನ್ ದಂಡ ಹಾಕಿತು, ಆರು ಜನರನ್ನು ತಪ್ಪಿತಸ್ಥರೆಂದು ಹೇಳಿತು.