ಕ್ರಿಯಾಟಿನಿನ್ ಏರಿದರೆ ಕಸಿ ಮಾಡಿದ ಕಿಡ್ನಿ ಕೈಕೊಟ್ಟಿತು ಎಂದೇ?

ಪ್ರಶ್ನೆ: ಅಕ್ಕ ಕೊಟ್ಟ ಕಿಡ್ನಿ ಹಾಕಿಸಿಕೊಂಡು ಒಂಬತ್ತು ತಿಂಗಳಾಯಿತು. 1.2 ಇದ್ದ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ) ಈ ಸಲ 1.7 ಬಂದಿದೆ. ನೋವಿಲ್ಲ, ಮೂತ್ರವೂ ಸರಿಯಾಗಿ ಹೋಗುತ್ತಿದೆ. ದೇಹ ಕಿಡ್ನಿಯನ್ನು ತಿರಸ್ಕರಿಸಿತೇ? ಮತ್ತೆ ಡಯಾಲಿಸಿಸ್ಸೇ?
– ಓದುಗರು, ರಾಣೆಬೆನ್ನೂರು

ಉತ್ತರ: ಈಗಲೇ ಅಷ್ಟು ದೂರ ಹೋಗಬೇಡಿ. ಹಾಗೆಂದು ಮುಂದಿನ ತಿಂಗಳು ತೋರಿಸಿದರಾಯಿತು ಎಂದೂ ಕೂರಬೇಡಿ. ಇವತ್ತೇ ನಿಮ್ಮ ಕಿಡ್ನಿ ತಜ್ಞರಿಗೆ ಫೋನ್ ಮಾಡಿ. ನೋವಿಲ್ಲ ಎಂಬುದನ್ನು ನೆಚ್ಚಿಕೊಳ್ಳುವಂತಿಲ್ಲ. ತಿರಸ್ಕಾರ ಎಷ್ಟೋ ಸಲ ರಕ್ತದ ವರದಿಯಲ್ಲಷ್ಟೇ ಸುಳಿವು ಕೊಡುತ್ತದೆ.

ಕ್ರಿಯಾಟಿನಿನ್ ಏರಲು ಬೇರೆ ಕಾರಣಗಳೂ ಇವೆ. ಮದುವೆ ಊಟ ಒಗ್ಗದೆ ಭೇದಿಯಾಗಿ ಮೈಯ ನೀರು ಹೋಗಿರಬಹುದು, ಮೂತ್ರದ ಸೋಂಕಿರಬಹುದು, ಮೂತ್ರನಾಳ ಕಟ್ಟಿರಬಹುದು, ಬಿಕೆ ಎಂಬ ವೈರಸ್ ತಲೆಯೆತ್ತಿರಬಹುದು. ಮೊಣಕಾಲು ನೋವಿಗೆಂದು ಔಷಧ ಅಂಗಡಿಯಲ್ಲಿ ಕೇಳಿ ಡೈಕ್ಲೋಫೆನಾಕ್ ನುಂಗಿದ್ದರೆ ಅದೊಂದೇ ಸಾಕು.

ಪೇಚಿಗೆ ಸಿಲುಕಿಸುವುದು ಟ್ಯಾಕ್ರೊಲಿಮಸ್, ಅಂದರೆ ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ತಡೆಯಲು ಕೊಡುವ ಮಾತ್ರೆ. ಕಡಿಮೆಯಾದರೆ ದೇಹ ಹೊಸ ಕಿಡ್ನಿಯ ಮೇಲೆ ಎರಗುತ್ತದೆ. ಹೆಚ್ಚಾದರೆ ಆ ಮಾತ್ರೆಯಿಂದಲೇ ಕಿಡ್ನಿಗೆ ಪೆಟ್ಟು. ಎರಡರಲ್ಲೂ ಕ್ರಿಯಾಟಿನಿನ್ ಏರುತ್ತದೆ, ಚಿಕಿತ್ಸೆ ಮಾತ್ರ ತದ್ವಿರುದ್ಧ. ಭೇದಿಯಾದಾಗ ಔಷಧವೆಲ್ಲ ಹೊರಗೆ ಹೋಯಿತೆಂದು ಇನ್ನೊಂದು ಮಾತ್ರೆ ನುಂಗುವವರಿದ್ದಾರೆ. ವಾಸ್ತವದಲ್ಲಿ ಆಗ ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟ ಸಾಮಾನ್ಯವಾಗಿ ಏರುತ್ತದೆ.

ಇದನ್ನು ತಿಳಿಯಲೆಂದೇ ‘ಲೆವೆಲ್’ ಪರೀಕ್ಷೆ ಇದೆ. ದಿನಕ್ಕೆರಡು ಸಲ ಮಾತ್ರೆ ತೆಗೆದುಕೊಳ್ಳುವವರು ರಾತ್ರಿ ಎಂಟಕ್ಕೆ ನುಂಗಿದ್ದರೆ, ಬೆಳಿಗ್ಗೆ ಎಂಟರ ಹೊತ್ತಿಗೆ, ಮುಂದಿನ ಮಾತ್ರೆಗೆ ಮೊದಲು ರಕ್ತ ಕೊಡಬೇಕು. ನಸುಕಿನ ಬಸ್ಸಿಗೆ ಹುಬ್ಬಳ್ಳಿಗೆ ಹೊರಡುವ ಗಡಿಬಿಡಿಯಲ್ಲಿ ಅಭ್ಯಾಸಬಲದಿಂದ ಚಹಾ ಕುಡಿದು ಮಾತ್ರೆಯನ್ನೂ ನುಂಗಿಬಿಟ್ಟರೆ ಲೆವೆಲ್ ಸುಳ್ಳೇ ಹೆಚ್ಚು ಕಾಣುತ್ತದೆ. ಅದನ್ನು ನಂಬಿ ವೈದ್ಯರು ಪ್ರಮಾಣ ತಗ್ಗಿಸಿದರೆ ನಿಜವಾದ ತೊಂದರೆ ಅಲ್ಲಿಂದ ಶುರು. ಮಾತ್ರೆ ಚೀಲದಲ್ಲಿರಲಿ, ರಕ್ತ ಕೊಟ್ಟ ಮೇಲೆ ನುಂಗಿ. ಮರೆತು ನುಂಗಿದ್ದರೆ ಹಾಗೆಂದು ಹೇಳಿಬಿಡಿ, ನಾಚಿಕೆಪಡುವಂಥದ್ದೇನಿಲ್ಲ.

ಅಷ್ಟಕ್ಕೂ ಉತ್ತರ ಸಿಗದಿದ್ದರೆ ಬಯಾಪ್ಸಿ. ಹೊಸ ಕಿಡ್ನಿ ಕೆಳಹೊಟ್ಟೆಯ ಒಂದು ಬದಿಗೆ, ಚರ್ಮಕ್ಕೆ ಹತ್ತಿರದಲ್ಲೇ ಇರುತ್ತದೆ. ಅಲ್ಲಿ ಮರಗಟ್ಟಿಸಿ, ಸ್ಕ್ಯಾನಿಂಗ್‌ನಲ್ಲಿ ನೋಡುತ್ತಾ ಸೂಜಿಯಿಂದ ನೂಲೆಳೆಯಷ್ಟು ಚೂರು ತೆಗೆಯುತ್ತಾರೆ. ತಿರಸ್ಕಾರವೆಂದೇ ಬಂದರೂ ಸಾಮಾನ್ಯವಾಗಿ ಮೊದಲು ಮೂರು ದಿನ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಬೇಗ ಪತ್ತೆಯಾದದ್ದು ಹಲವು ಸಲ ಹತೋಟಿಗೆ ಬರುತ್ತದೆ. ಆ ಇಂಜೆಕ್ಷನ್‌ನಿಂದ ಸಕ್ಕರೆ ಏರಬಹುದು, ನಿದ್ದೆ ಕೆಡಬಹುದು, ಸೋಂಕು ಬೇಗ ತಗಲಬಹುದು. ಬೀದಿಬದಿಯ ಗಿರ್ಮಿಟ್ ಮೇಲಿನ ಹಸಿ ಈರುಳ್ಳಿ, ರೊಟ್ಟಿಯ ಜೊತೆ ಸರಿಯಾಗಿ ತೊಳೆಯದ ಹಸಿ ಮೆಂತ್ಯ ಬೇಡವೇ ಬೇಡ.

ಚೇತರಿಸಿಕೊಂಡ ಮೇಲೂ ಕ್ರಿಯಾಟಿನಿನ್ 1.2ಕ್ಕೆ ಇಳಿಯದೆ 1.4ರಲ್ಲಿ ನಿಲ್ಲಬಹುದು. ಅಕ್ಕ ಕೊಟ್ಟದ್ದು ದಂಡವಾಯಿತೆಂದು ಮನೆಯಲ್ಲಿ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ, 1.4ರಲ್ಲೇ ಸ್ಥಿರವಾಗಿ ನಿಂತ ಕಿಡ್ನಿ ಚೆನ್ನಾಗಿಯೇ ದುಡಿಯುತ್ತಿರುತ್ತದೆ. ಮುಂದಿನ ವರದಿಗಳನ್ನು ಆ 1.4ರೊಂದಿಗೇ ಹೋಲಿಸಿ ನೋಡಿ.