ಮರದಿಂದ ಬಿದ್ದ ಪೇಷಂಟ್: ಬಿಪಿ ನಾರ್ಮಲ್ ಇದ್ರೂ ಯಾಕೆ ಸುಮ್ನಿರಬಾರ್ದು

ಟ್ರಾಮಾ (ಅಪಘಾತದ ಪೆಟ್ಟು, ಗಾಯ) ಚಾಪ್ಟರ್ ಓದೋವಾಗ ನಮ್ಮಲ್ಲಿ ತುಂಬಾ ಜನ ಎ ಬಿ ಸಿ ಡಿ ಇ (ಏರ್‌ವೇ ಅಂದ್ರೆ ಉಸಿರಿನ ದಾರಿ, ಬ್ರೀದಿಂಗ್ ಅಂದ್ರೆ ಉಸಿರಾಟ, ಸರ್ಕ್ಯುಲೇಷನ್ ಅಂದ್ರೆ ರಕ್ತ ಸಂಚಾರ, ಡಿಸೆಬಿಲಿಟಿ ಅಂದ್ರೆ ಮೆದುಳು-ನರಗಳ ಸ್ಥಿತಿ, ಎಕ್ಸ್‌ಪೋಷರ್ ಅಂದ್ರೆ ಬಟ್ಟೆ ತೆಗೆದು ಮೈ ಪೂರ್ತಿ ನೋಡೋದು) ಅಂತ ಬಾಯಿಪಾಠ ಮಾಡಿ ಪುಟ ತಿರುಗಿಸಿಬಿಡ್ತೀವಿ, ನಾನೂ ಮೊದಲನೇ ಸಲ ಹಾಗೇ ಮಾಡಿದ್ದೆ. ಆಮೇಲೆ ಗೊತ್ತಾಗಿದ್ದು, ಒಬ್ಬ ಪೇಷಂಟನ್ನ ಮನಸ್ಸಲ್ಲಿ ಇಟ್ಕೊಂಡು ಓದಿದ್ರೆ ಎಲ್ಲಾ ಚೆನ್ನಾಗಿ ನೆನಪಿರುತ್ತೆ ಅಂತ. ಅದಕ್ಕೇ ಈ ನೋಟ್ಸಲ್ಲಿ ಕಲ್ಪನೆಯ ಒಬ್ರೇ ಪೇಷಂಟ್. ಸುಮಾರು 40 ವರ್ಷದ ಗಂಡಸು, ಹಣ್ಣು ಕೀಳೋಕೆ ಮರ ಹತ್ತಿದ್ರು, ಮಳೆಗೆ ಕೊಂಬೆ ಒದ್ದೆಯಾಗಿತ್ತು, ನಾಲ್ಕು ಮೀಟರ್ ಎತ್ತರದಿಂದ ಕಾಲು ಜಾರಿ ಬಿದ್ರು. ಮಾತಾಡ್ತಿದಾರೆ, ಪಲ್ಸ್ 112, ಬಿಪಿ 118/92, ಉಸಿರಾಟ ನಿಮಿಷಕ್ಕೆ 24. "ಏನಾಗಿಲ್ಲ ಸಿಸ್ಟರ್, ಸೊಂಟ ಸ್ವಲ್ಪ ನೋವು ಅಷ್ಟೇ" ಅಂತಿದಾರೆ.

ಇಲ್ಲಿ ಬಿಪಿ ನೋಡಿ ಸಮಾಧಾನ ಆದ್ರೆ ಮೋಸ ಹೋದ್ವಿ ಅಂತ ಅರ್ಥ. ಯಾಕೆ ಅಂತ ಸಿ ಬಂದಾಗ ಹೇಳ್ತೀನಿ.

ಮೊದ್ಲು ಹೇಗೆ ಬಿದ್ರು ಅಂತ ಕೇಳ್ಕೊಳ್ಳಿ, ಕರ್ಕೊಂಡು ಬಂದೋರು ಹೊರಟುಹೋಗೋಕೆ ಮುಂಚೆನೇ ಕೇಳಿ. ಕಾಲ ಮೇಲೆ ಬಿದ್ದಿದ್ರೆ ಹೊಡೆತ ಹಿಮ್ಮಡಿಯಿಂದ ಮೇಲಕ್ಕೆ ಹೋಗುತ್ತೆ, ಮೊಣಕಾಲು, ತೊಡೆ, ಸೊಂಟದ ಮೂಳೆ, ಬೆನ್ನುಮೂಳೆ ಎಲ್ಲಾದಕ್ಕೂ ಪೆಟ್ಟು, ಹಿಮ್ಮಡಿ ಮೂಳೆ ಮುರಿದಿದೆ ಅಂತ ಗೊತ್ತಾದ ತಕ್ಷಣ ಬೆನ್ನಿನ ಕೆಳಭಾಗದ ಮೂಳೆ ಮುರಿದಿದ್ಯಾ ಅಂತ ಹುಡುಕಲೇಬೇಕು. ತಲೆ ಮುಂದಾಗಿ ಬಿದ್ರೆ ಕುತ್ತಿಗೆ. ಕೈ ಊರಿದ್ರೆ ಮಣಿಕಟ್ಟು. ಗಾಯಾಳುನ ಯಾವ ಆಸ್ಪತ್ರೆಗೆ ಕಳಿಸ್ಬೇಕು ಅಂತ ಸ್ಥಳದಲ್ಲೇ ನಿರ್ಧರಿಸೋಕಿರೋ ಅಮೆರಿಕದ 2021ರ ಫೀಲ್ಡ್ ಟ್ರಯಾಜ್ ಗೈಡ್‌ಲೈನ್‌ನಲ್ಲಿ 10 ಅಡಿಗಿಂತ ಹೆಚ್ಚು ಎತ್ತರದಿಂದ ಬಿದ್ದಿರೋದೇ ಎಚ್ಚರಿಕೆಯ ಒಂದು ಕಾರಣ, ನಮ್ಮ ಪೇಷಂಟ್ 13 ಅಡಿಯಿಂದ ಬಿದ್ದಿದಾರೆ.

ಈ ಎಬಿಸಿಡಿಇ ಕ್ರಮ ಟ್ರಾಮಾದಲ್ಲಿ ಬೇರೂರಿದ್ದರ ಹಿಂದೆ ಒಂದು ನೋವಿನ ಕಥೆ ಇದೆ. 1976ರಲ್ಲಿ ಜೇಮ್ಸ್ ಸ್ಟೈನರ್ ಅನ್ನೋ ಮೂಳೆ ಸರ್ಜನ್ ತಾವೇ ಓಡಿಸ್ತಿದ್ದ ವಿಮಾನ ನೆಬ್ರಾಸ್ಕಾದಲ್ಲಿ ಬಿತ್ತು, ಹೆಂಡತಿ ತೀರಿಕೊಂಡ್ರು, ಮಕ್ಕಳಿಗೆ ಗಾಯ ಆಯ್ತು, ಸಣ್ಣ ಆಸ್ಪತ್ರೆಲಿ ಸಿಕ್ಕ ಚಿಕಿತ್ಸೆ ನೋಡಿ ಇದಕ್ಕೊಂದು ಸರಿಯಾದ ಪದ್ಧತಿ ಬೇಕು ಅಂತ ಅವ್ರಿಗೆ ಅನ್ನಿಸ್ತು. 1978ರಲ್ಲಿ ಮೊದಲ ಕೋರ್ಸ್ ನಡೀತು, 1980ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಅದನ್ನ ತಗೊಂಡು ಎಟಿಎಲ್‌ಎಸ್ (ಅಡ್ವಾನ್ಸ್ಡ್ ಟ್ರಾಮಾ ಲೈಫ್ ಸಪೋರ್ಟ್) ಅಂತ ಹರಡಿತು. ಈಗ ಎಗೂ ಮುಂಚೆ ಒಂದು ಎಕ್ಸ್ ಸೇರಿಸಿ ಕಲಿಸ್ತಾರೆ, ಅಂದ್ರೆ ಕಣ್ಣೆದುರೇ ರಕ್ತ ಚಿಮ್ಮುತಿದ್ರೆ ಏರ್‌ವೇಗಿಂತ ಮೊದ್ಲು ಅದನ್ನ ಒತ್ತಿ ಹಿಡೀಬೇಕು, ಕೈಕಾಲಲ್ಲಿ ಒತ್ತಿದ್ರೂ ನಿಲ್ಲದಿದ್ರೆ ಟೂರ್ನಿಕೆಟ್ (ರಕ್ತ ನಿಲ್ಲಿಸೋ ಬಿಗಿ ಪಟ್ಟಿ), ಗಾಯಕ್ಕಿಂತ ಐದಾರು ಸೆಂಟಿಮೀಟರ್ ಮೇಲೆ, ಕೀಲಿನ ಮೇಲೆ ಬೇಡ, ಕಟ್ಟಿದ ಟೈಮ್ ಬರೆದಿಡಲೇಬೇಕು.

ಎ ಮತ್ತೆ ಬಿ ಬೇಗ ಹೇಳ್ಬಿಡ್ತೀನಿ. ಮಾತಾಡ್ತಿದಾರೆ ಅಂದ್ರೆ ಸದ್ಯಕ್ಕೆ ಏರ್‌ವೇ ತೆರೆದಿದೆ. ಮಾತಾಡದೇ ಇದ್ರೆ ಜಾ ಥ್ರಸ್ಟ್ (ಕೆಳದವಡೆನ ಮುಂದಕ್ಕೆ ಎತ್ತೋದು) ಮಾಡಿ, ಕುತ್ತಿಗೆಗೆ ಪೆಟ್ಟಾಗಿರಬಹುದು ಅನ್ನೋ ಪೇಷಂಟಿಗೆ ತಲೆ ಹಿಂದಕ್ಕೆ ಬಗ್ಗಿಸೋದು ಬೇಡ. ಬಾಯಲ್ಲಿ ರಕ್ತ ಇದ್ರೆ ಸಕ್ಷನ್. ಬಿಯಲ್ಲಿ ಎದೆ ಬಿಚ್ಚಿ ಎರಡೂ ಕಡೆ ಸಮನಾಗಿ ಏಳ್ತಿದ್ಯಾ ನೋಡಿ, ಕೇಳಿ, ಮುಟ್ಟಿ. ಒಂದು ಕಡೆ ಉಸಿರಿನ ಶಬ್ದ ಇಲ್ಲ, ಬಿಪಿ ಬೀಳ್ತಿದೆ, ಉಸಿರಿಗೆ ಒದ್ದಾಡ್ತಿದಾರೆ ಅಂದ್ರೆ ಟೆನ್ಷನ್ ನ್ಯೂಮೋಥೊರಾಕ್ಸ್ (ಎದೆಯೊಳಗೆ ಗಾಳಿ ಸಿಕ್ಕಿಕೊಂಡು ಶ್ವಾಸಕೋಶ, ಹಾರ್ಟನ್ನ ಒತ್ತೋದು) ಅಂತ ಕೂಗಿ ಹೇಳಿ, ಎಕ್ಸ್‌ರೇಗೆ ಕಾಯೋ ಹಾಗಿಲ್ಲ. ಶ್ವಾಸನಾಳ ಪಕ್ಕಕ್ಕೆ ಸರಿಯೋದು ತುಂಬಾ ತಡವಾಗಿ ಕಾಣೋ ಲಕ್ಷಣ, ಅದಕ್ಕೂ ಕಾಯಬೇಡಿ. ಆ ಗಾಳಿ ಹೊರಗೆ ಬಿಡೋಕೆ ದೊಡ್ಡೋರಿಗೆ ಸೂಜಿ ಹಾಕೋ ಜಾಗ ಈಗ ಐದನೇ ಪಕ್ಕೆಲುಬಿನ ಸಂದು, ಕಂಕುಳ ನಡುಗೆರೆಗಿಂತ ಸ್ವಲ್ಪ ಮುಂದೆ. ಹಳೇ ನೋಟ್ಸಲ್ಲಿ ಎರಡನೇ ಸಂದು ಅಂತ ಇರುತ್ತೆ, ಅದು ಈಗ ಮಕ್ಕಳಿಗೆ.

ಈಗ ಸಿ, ನಂಗೆ ಮುಖ್ಯವಾಗಿ ಹೇಳ್ಬೇಕಿರೋದು ಇದೇ. 70 ಕೆಜಿ ಇರೋರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತೆ. ಅದ್ರಲ್ಲಿ 15ರಿಂದ 30 ಪರ್ಸೆಂಟ್, ಅಂದ್ರೆ ಮುಕ್ಕಾಲು ಲೀಟರಿಂದ ಒಂದೂವರೆ ಲೀಟರ್ ಹೋದ್ರೂ ಮೇಲಿನ ಬಿಪಿ ಹೆಚ್ಚುಕಡಿಮೆ ಹಾಗೇ ಇರುತ್ತೆ. ಯಾಕಂದ್ರೆ ರಕ್ತ ಕಮ್ಮಿ ಆದ ಕೂಡ್ಲೆ ದೇಹ ಚರ್ಮದ, ಕೈಕಾಲಿನ ರಕ್ತನಾಳಗಳನ್ನ ಬಿಗಿ ಮಾಡುತ್ತೆ, ಹಾರ್ಟ್ ಜೋರಾಗಿ ಬಡಿಯುತ್ತೆ, ನಾಳ ಬಿಗಿಯಾದ್ರಿಂದ ಕೆಳಗಿನ ಬಿಪಿ ಏರುತ್ತೆ, ಮೇಲಿಂದು ಹಾಗೇ ನಿಂತಿರುತ್ತೆ, ಎರಡರ ಮಧ್ಯದ ಅಂತರ, ಅಂದ್ರೆ ಪಲ್ಸ್ ಪ್ರೆಷರ್, ಕಮ್ಮಿ ಆಗ್ತಾ ಬರುತ್ತೆ. ನಮ್ಮ ಪೇಷಂಟಿಗೆ 118ರಲ್ಲಿ 92 ಕಳೆದ್ರೆ 26 ಅಷ್ಟೇ, ಸಾಮಾನ್ಯವಾಗಿ 40ರ ಆಸುಪಾಸು ಇರ್ಬೇಕಿತ್ತು. ಇನ್ನೊಂದು ಸುಲಭದ ಲೆಕ್ಕ ಶಾಕ್ ಇಂಡೆಕ್ಸ್ (ಶಾಕ್ ಅಂದ್ರೆ ಅಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿ), ಪಲ್ಸನ್ನ ಮೇಲಿನ ಬಿಪಿಯಿಂದ ಭಾಗಿಸಿ, 0.5ರಿಂದ 0.7 ಆರೋಗ್ಯವಂತರದ್ದು, ಇವ್ರದ್ದು ಹತ್ತಿರ ಹತ್ತಿರ 0.95. ಅಂಗೈ ಮುಟ್ಟಿ, ತಣ್ಣಗೆ ಬೆವರಿದ್ಯಾ? ಉಗುರು ಒತ್ತಿ ಬಿಟ್ರೆ ಬಣ್ಣ ವಾಪಸ್ ಬರೋಕೆ 2 ಸೆಕೆಂಡಿಗಿಂತ ಜಾಸ್ತಿ ಬೇಕಾ? ಮೇಲಿನ ಬಿಪಿ ನಿಜವಾಗಿ ಕುಸಿಯೋದು 30 ಪರ್ಸೆಂಟ್ ದಾಟಿದ ಮೇಲೆ, ಆಗ ನಮ್ಮ ಕೈಲಿ ಉಳಿದಿರೋ ಟೈಮ್ ತುಂಬಾ ಕಮ್ಮಿ. ವಯಸ್ಸಾದೋರು ಬೀಟಾ ಬ್ಲಾಕರ್ (ಹಾರ್ಟ್ ಬಡಿತ ನಿಧಾನ ಮಾಡೋ ಮಾತ್ರೆ) ತಗೊಳ್ತಿದ್ರೆ ಪಲ್ಸೂ ಏರಲ್ಲ, ಅದಕ್ಕೆ ಮಾತ್ರೆ ಏನೇನು ತಗೋತೀರ ಅಂತ ಕೇಳೋದು ಮರೀಬೇಡಿ.

ರಕ್ತ ಎಲ್ಲಿ ಹೋಯ್ತು? ನೆಲದ ಮೇಲೆ ಕಾಣದಿದ್ರೆ ಒಳಗೆ ನಾಲ್ಕು ಜಾಗ: ಎದೆ, ಹೊಟ್ಟೆ, ಸೊಂಟದ ಮೂಳೆ ಗೂಡು, ತೊಡೆ. ಒಂದು ತೊಡೆಮೂಳೆ ಮುರಿದ್ರೇ ಲೀಟರಿಗೂ ಮೀರಿ ರಕ್ತ ಅಲ್ಲೇ ಸೇರ್ಕೊಳ್ಳಬಹುದು, ಸೊಂಟದ ಗೂಡಲ್ಲಿ ಅದಕ್ಕಿಂತ ಜಾಸ್ತಿ. ನಮ್ಮ ಪೇಷಂಟಿಗೆ ಸೊಂಟ ನೋವು, ಹಾಗಾಗಿ ಪೆಲ್ವಿಕ್ ಬೈಂಡರ್ (ಸೊಂಟದ ಗೂಡನ್ನ ಬಿಗಿಯಾಗಿ ಹಿಡಿದಿಡೋ ಪಟ್ಟಿ) ರೆಡಿ ಇಟ್ಕೊಳ್ಳಿ, ಅದನ್ನ ಕಟ್ಟೋದು ಬೆಲ್ಟ್ ಹಾಕೋ ಜಾಗದಲ್ಲಲ್ಲ, ತೊಡೆಮೂಳೆ ಮೇಲ್ಗಡೆ ಪಕ್ಕದಲ್ಲಿ ಉಬ್ಬಿರೋ ಗ್ರೇಟರ್ ಟ್ರೊಕ್ಯಾಂಟರ್ ಮಟ್ಟಕ್ಕೆ. ಸೊಂಟ ಅಲ್ಲಾಡಿಸಿ ಅಲ್ಲಾಡಿಸಿ ನೋಡ್ಬೇಡಿ, ಹೆಪ್ಪುಗಟ್ಟಿರೋದು ಒಡೆದು ಮತ್ತೆ ರಕ್ತ ಶುರುವಾಗುತ್ತೆ. ಮೂತ್ರದ ದ್ವಾರದಲ್ಲಿ ರಕ್ತ ಕಂಡ್ರೆ ಕ್ಯಾಥೆಟರ್ ಹಾಕೋಕೆ ಹೋಗದೇ ಡಾಕ್ಟರಿಗೆ ಹೇಳಿ.

ಎರಡು ಐವಿ ಲೈನ್, ದಪ್ಪದ್ದು, ಕಮ್ಮಿ ಅಂದ್ರೆ 18 ಗೇಜ್ ಹಸಿರು, ಸಾಧ್ಯ ಆದ್ರೆ 16ರ ಬೂದು ಬಣ್ಣದ್ದು. ಇನ್ನೂ ಸಣ್ಣದಾದ ಪಿಂಕ್ ಕ್ಯಾನುಲಾ ಸುಲಭಕ್ಕೆ ಹೋಗುತ್ತೆ ನಿಜ, ಆದ್ರೆ ಕೊಳವೆಯ ತ್ರಿಜ್ಯ ಎರಡರಷ್ಟಾದ್ರೆ ಹರಿವು 16 ಪಟ್ಟು ಆಗುತ್ತೆ ಅನ್ನೋ ಲೆಕ್ಕ ನೆನಪಿಟ್ಕೊಳ್ಳಿ, ಉದ್ದ ಜಾಸ್ತಿಯಾದಷ್ಟೂ ಹರಿವು ಕಮ್ಮಿ. ಅದೇ ಲೈನಿಂದ ಗ್ರೂಪಿಂಗ್, ಕ್ರಾಸ್‌ಮ್ಯಾಚಿಗೆ (ಕೊಡೋ ರಕ್ತ ಹೊಂದುತ್ತಾ ಅನ್ನೋ ಪರೀಕ್ಷೆ) ಸ್ಯಾಂಪಲ್ ತೆಗೆದ್ಬಿಡಿ.

ಲೈನ್ ಸಿಕ್ತು ಅಂತ ಸಲೈನ್ ಬಾಟಲ್ ಮೇಲೆ ಬಾಟಲ್ ಏರಿಸೋದು ತಪ್ಪು. ಇದು ನಂಗೆ ಸರಿಯಾಗಿ ತಲೆಗೆ ಹೋಗಿದ್ದು ಹಣ್ಣಿನ ಗಿಡಕ್ಕೆ ಗೊಬ್ಬರ ಕೊಡೋ ಪಾಠದಿಂದ. ಗಿಡಕ್ಕೆ ಯೂರಿಯಾ ಹಾಕಿ ಒಂದೇ ಸಲ ಪಾತಿ ತುಂಬಿ ಹರಿಯೋ ಹಾಗೆ ನೀರು ಬಿಟ್ರೆ ಸಾರಜನಕ ಬೇರು ದಾಟಿ ಕೆಳಗೆ ಬಸಿದು ಹೋಗುತ್ತೆ, ಮಣ್ಣು ತುಂಬಾ ಒದ್ದೆ, ಗಿಡಕ್ಕೆ ಮಾತ್ರ ಏನೂ ಸಿಗಲ್ಲ, ಅದಕ್ಕೇ ಡ್ರಿಪ್ಪಲ್ಲಿ ಸ್ವಲ್ಪ ಸ್ವಲ್ಪನೇ ಕಂತು ಕಂತಾಗಿ ಕೊಡೋದು. ಪೇಷಂಟಿಗೂ ಹೆಚ್ಚು ಸಲೈನ್ ಹೋದ್ರೆ ರಕ್ತ ಹೆಪ್ಪುಗಟ್ಟಿಸೋ ಅಂಶಗಳು ತೆಳುವಾಗುತ್ತೆ, ಮೈ ತಣ್ಣಗಾಗುತ್ತೆ, ಕ್ಲೋರೈಡ್ ಜಾಸ್ತಿಯಾಗಿ ಆಸಿಡೋಸಿಸ್ (ರಕ್ತದಲ್ಲಿ ಆಮ್ಲ ಹೆಚ್ಚಾಗೋದು) ಬರುತ್ತೆ. ಚಳಿ, ಆಸಿಡೋಸಿಸ್, ಹೆಪ್ಪುಗಟ್ಟದ ರಕ್ತ, ಈ ಮೂರೂ ಸೇರಿದ್ರೆ ಒಂದನ್ನೊಂದು ಬೆಳೆಸ್ತಾ ಹೋಗುತ್ತೆ. ಹಾಗಾಗಿ ದೊಡ್ಡೋರಿಗೆ ಬೆಚ್ಚಗಿನ ದ್ರವ 1 ಲೀಟರ್ ಒಳಗೆ, ಆಮೇಲೂ ಸುಧಾರಿಸದಿದ್ರೆ ರಕ್ತ, ಪ್ಲಾಸ್ಮಾ, ಪ್ಲೇಟ್ಲೆಟ್. ಹೆಪ್ಪು ಕರಗದ ಹಾಗೆ ತಡೆಯೋ ಔಷಧಿ ಟ್ರಾನೆಕ್ಸಾಮಿಕ್ ಆಸಿಡ್ ಬಗ್ಗೆ 2010ರ ಕ್ರ್ಯಾಶ್-2 ಅಧ್ಯಯನದಲ್ಲಿ 20,000ಕ್ಕೂ ಹೆಚ್ಚು ಪೇಷಂಟ್‌ಗಳಿದ್ರು, 10 ನಿಮಿಷದಲ್ಲಿ 1 ಗ್ರಾಂ, ಆಮೇಲೆ 8 ಗಂಟೆಲಿ ಇನ್ನೊಂದು ಗ್ರಾಂ, ಗಾಯ ಆದ 3 ಗಂಟೆ ಒಳಗೆ ಶುರು ಮಾಡ್ಬೇಕು. ಬಿದ್ದ ಟೈಮ್ ಎಷ್ಟು ಅಂತ ಮೊದ್ಲೇ ಕೇಳಿರ್ಬೇಕು ಅನ್ನೋದು ಇದಕ್ಕೇ.

ಡಿಯಲ್ಲಿ ಜಿಸಿಎಸ್ (ಗ್ಲಾಸ್ಗೋ ಕೋಮಾ ಸ್ಕೇಲ್, ಎಚ್ಚರ ಎಷ್ಟಿದೆ ಅಂತ ಅಳೆಯೋ ಅಂಕ), ಕಣ್ಣಿನ ಪಾಪೆ, ಜೊತೆಗೆ ಶುಗರ್. ಜಿಸಿಎಸ್ 8 ಅಥವಾ ಕಮ್ಮಿ ಅಂದ್ರೆ ಇಂಟ್ಯುಬೇಷನ್‌ಗೆ (ಶ್ವಾಸನಾಳಕ್ಕೆ ಟ್ಯೂಬ್ ಹಾಕೋದು) ತಯಾರಿ. ಒಟ್ಟು ಸಂಖ್ಯೆ ಮಾತ್ರ ಬರೀಬೇಡಿ, ಇ (ಕಣ್ಣು), ವಿ (ಮಾತು), ಎಂ (ಚಲನೆ) ಬೇರೆ ಬೇರೆ ಬರೀರಿ. ಇಲ್ಲಿ ಇನ್ನೊಂದು ಗೊಂದಲ ಆಗುತ್ತೆ: ಬಿಪಿ ಕಮ್ಮಿ, ಪಲ್ಸೂ ನಿಧಾನ, ಮೈ ಬೆಚ್ಚಗೆ ಒಣಗಿದೆ, ಕಾಲು ಆಡ್ತಿಲ್ಲ, ಹಾಗಿದ್ರೆ ಬೆನ್ನುಹುರಿಗೆ ಪೆಟ್ಟಾಗಿ ಬರೋ ನ್ಯೂರೋಜೆನಿಕ್ ಶಾಕ್ ಇರಬಹುದು. ಆದ್ರೂ ಟ್ರಾಮಾದಲ್ಲಿ ಶಾಕ್ ಅಂದ್ರೆ ಮೊದಲ ಅನುಮಾನ ರಕ್ತಸ್ರಾವದ ಮೇಲೇ ಇರ್ಲಿ.

ಇಯಲ್ಲಿ ಬಟ್ಟೆ ಪೂರ್ತಿ ಕತ್ತರಿಸಿ ತೆಗೀರಿ, ಲಾಗ್ ರೋಲ್ (ಬೆನ್ನುಮೂಳೆ ತಿರುಚದ ಹಾಗೆ ಎಲ್ರೂ ಸೇರಿ ಒಟ್ಟಿಗೇ ಹೊರಳಿಸೋದು) ಮಾಡಿ ಬೆನ್ನು ನೋಡಿ, ತಲೆ ಹಿಡಿದೋರೇ ಎಣಿಸ್ಬೇಕು. ನೋಡಿದ ತಕ್ಷಣ ಬೆಚ್ಚಗೆ ಹೊದಿಸಿ, ಮಳೆಲಿ ನೆನೆದು ಬಂದೋರು ಅವ್ರು.

ಇಷ್ಟಾದ ಮೇಲೆ ಮತ್ತೆ ಎ ಇಂದ ಶುರು. ಹತ್ತು ನಿಮಿಷ ಆದ್ಮೇಲೆ ನಮ್ಮ ಪೇಷಂಟಿನ ಪಲ್ಸ್ 128, ಬಿಪಿ 112/90 ಅಂತಿಟ್ಕೊಳ್ಳಿ. ಡಾಕ್ಟರಿಗೆ "ಬಿಪಿ ಸ್ಟೇಬಲ್ ಇದೆ ಸರ್" ಅನ್ನೋ ಬದಲು ಹೀಗೆ ಹೇಳಿ: "ಸರ್, ಹತ್ತು ನಿಮಿಷದಲ್ಲಿ ಪಲ್ಸ್ 112ರಿಂದ 128ಕ್ಕೆ ಹೋಗಿದೆ, ಪಲ್ಸ್ ಪ್ರೆಷರ್ 22ಕ್ಕೆ ಇಳಿದಿದೆ, ಕೈ ತಣ್ಣಗಿದೆ, ಸೊಂಟ ನೋವು ಅಂತಿದಾರೆ, ಎರಡು ಲೈನ್ ಹಾಕಿ ಕ್ರಾಸ್‌ಮ್ಯಾಚ್ ಕಳಿಸಿದೀನಿ, ಬಿದ್ದು ಒಂದು ಗಂಟೆ ಆಯ್ತು, ಬೈಂಡರ್ ಕಟ್ಲಾ?"