ಟ್ಯಾಂಕಿನ ಬಿರುಕು ತಾನಾಗಿಯೇ ಮುಚ್ಚಿಕೊಳ್ಳುತ್ತಾ?

ಪ್ರಶ್ನೆ: ಮನೆ ಮೇಲೆ ಹೊಸದಾಗಿ ಕಟ್ಟಿಸಿದ ಸಿಮೆಂಟ್ ಟ್ಯಾಂಕು ಕೂದಲೆಳೆಯಷ್ಟು ಬಿರುಕು ಬಿಟ್ಟು ಜಿನುಗುತ್ತಿತ್ತು. ಮೇಸ್ತ್ರಿ "ನೀರು ತುಂಬಿಸಿ ಇಡ್ರಿ ಸರ್, ತಾನೇ ನಿಲ್ಲುತ್ತೆ" ಅಂದರು. ನುಣುಚಿಕೊಳ್ಳುತ್ತಿದ್ದಾರೆ ಅಂದುಕೊಂಡೆ. ಮೂರು ವಾರಕ್ಕೆ ನಿಜವಾಗಿಯೂ ನಿಂತಿತು, ಈಗ ಅಲ್ಲಿ ಬಿಳಿ ಗೆರೆ ಇದೆ. ಇದು ಹೇಗೆ?
– ಓದುಗರೊಬ್ಬರು, ನಿಟುವಳ್ಳಿ, ದಾವಣಗೆರೆ

ಉತ್ತರ: ಮೇಸ್ತ್ರಿ ಹೇಳಿದ್ದು ಸರಿ.

'ಸಿಮೆಂಟ್ ಒಣಗಿತು' ಅಂತ ನಾವೆಲ್ಲ ಹೇಳುತ್ತೇವೆ. ಅಸಲಿಗೆ ಅದು ನೀರು ಕುಡಿದು ಗಟ್ಟಿಯಾಗುತ್ತದೆ. ಸುಣ್ಣದ ಕಲ್ಲು, ಜೇಡಿಮಣ್ಣನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು, ಒಂಚೂರು ಜಿಪ್ಸಂ ಹಾಕಿ ಅರೆದ ಪುಡಿಯೇ ಸಿಮೆಂಟ್. ಅದರಲ್ಲಿ ಜಾಸ್ತಿ ಇರುವುದು ಕ್ಯಾಲ್ಸಿಯಂ ಸಿಲಿಕೇಟ್. ನೀರು ತಾಗಿದರೆ ಒಂದೊಂದು ಕಣದ ಸುತ್ತಲೂ ಅಂಟಿನಂಥ ಜೆಲ್ ಬೆಳೆಯುತ್ತದೆ. ಜೊತೆಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹುಟ್ಟುತ್ತದೆ, ಅಂದರೆ ಎಲೆಗೆ ಹಚ್ಚುವ ಅದೇ ಸುಣ್ಣ. 50 ಕೆ.ಜಿ. ಚೀಲದ ಸಿಮೆಂಟ್ ಪೂರ್ತಿ ಗಟ್ಟಿಯಾದರೆ 11-12 ಲೀಟರ್ ನೀರು ಅದರೊಳಗೇ ಕಲ್ಲಾಗಿ ಸೇರಿಹೋಗಿರುತ್ತದೆ.

ಆದರೆ ಪೂರ್ತಿ ಆಗುವುದೇ ಇಲ್ಲ. ಮೇಲಿನ ಜೆಲ್ ದಪ್ಪವಾದಂತೆ ಒಳಗಿನ ತಿರುಳಿಗೆ ನೀರು ತಲುಪುವುದಿಲ್ಲ. ಸರಿಯಾಗಿ ತಿರುವದ ರಾಗಿಮುದ್ದೆಯಲ್ಲಿ ಗಂಟು ಒಡೆದರೆ ಒಣಹಿಟ್ಟು ಸಿಗುತ್ತದಲ್ವಾ, ಹಾಗೆ. ನಿಮ್ಮ ಟ್ಯಾಂಕಿನಲ್ಲಿ ಬಿರುಕು ಬಿಟ್ಟಾಗ ಆ ಹಿಟ್ಟು ಬಯಲಿಗೆ ಬಿತ್ತು. ನೀರು ಸಿಕ್ಕಿತು, ಮತ್ತೆ ಜೆಲ್ ಬೆಳೆಯಿತು. ಇನ್ನೊಂದು ಕಡೆ, ಸುಣ್ಣ ಜಿನುಗುವ ನೀರಿನಲ್ಲಿ ಕರಗಿ ಬಿರುಕಿಗೆ ಬಂತು. ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೂತಿತು. ಬಿಳಿ ಗೆರೆ ಅದೇ. ಗೆರೆಯ ತುದಿಗೆ ಒಂದು ಹನಿ ನಿಂಬೆರಸ ಬಿಟ್ಟು ಹತ್ತಿರದಿಂದ ನೋಡಿ, ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಒಂದೇ ಹನಿ ಸಾಕು. ಚೆನ್ನಾಗಿ ಕಾಣಲಿ ಅಂತ ಗೆರೆಯನ್ನು ಕೆರೆದು ತೆಗೆಯಬೇಡಿ ಮತ್ತೆ!

ಸುಣ್ಣದ ಈ ಗುಣ ಹಳೆಯದು. ರೋಮನ್ನರ ಗಾರೆಯಲ್ಲಿ ಉಳಿದ ಸುಣ್ಣದ ಗಂಟುಗಳು ನೀರು ಸಿಕ್ಕಾಗ ಕರಗಿ ಬಿರುಕು ಮುಚ್ಚುತ್ತವೆ ಅಂತ ಅಮೆರಿಕದ ಎಂಐಟಿ ಸಂಶೋಧಕರು 2023ರಲ್ಲಿ ತೋರಿಸಿದರು. ನಮ್ಮ ಹಿರಿಯೂರಿನ ಹತ್ತಿರ 1907ರಲ್ಲಿ ಮುಗಿದ ಮಾರಿಕಣಿವೆ ಅಣೆಕಟ್ಟೆಯೂ ನಮ್ಮಲ್ಲಿ ಸಿಮೆಂಟ್ ಬಳಕೆ ಹೆಚ್ಚುವ ಮೊದಲಿನ, ಗಾರೆಯ ಕಾಲದ ಕೆಲಸವೇ. ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಸೂಕ್ಷ್ಮಜೀವಿ ತಜ್ಞ ಹೆಂಕ್ ಯೋಂಕರ್ಸ್ ಇನ್ನೊಂದು ದಾರಿ ಹಿಡಿದರು. ಕಾಂಕ್ರೀಟಿಗೆ ಬ್ಯಾಕ್ಟೀರಿಯಾ ಬೀಜಾಣು, ಅದಕ್ಕೆ ಮೇವಾಗಿ ಕ್ಯಾಲ್ಸಿಯಂ ಲ್ಯಾಕ್ಟೇಟ್ ಬೆರೆಸಿದರು. ಒಣಗಿದ ಕೆರೆಯ ಕಪ್ಪೆಯ ಹಾಗೆ ಅವು ಮಲಗಿರುತ್ತವೆ. ಬಿರುಕಿನಿಂದ ನೀರು ಇಳಿದರೆ ಎದ್ದು, ಮೇವು ತಿಂದು, ಸುಣ್ಣದ ಕಲ್ಲು ಕಟ್ಟುತ್ತವೆ. ನಮ್ಮ ಟ್ಯಾಂಕಿಗೆ ಅಷ್ಟೆಲ್ಲ ಖರ್ಚು ಸುಮ್ನೆ ದಂಡ ಅನ್ನೋದು ನನ್ನ ಅಭಿಪ್ರಾಯ.

ಎಲ್ಲ ಬಿರುಕಿಗೂ ಈ ಮಾತು ನಂಬಿ ಕೂರಬೇಡಿ. ತಾನಾಗಿ ಮುಚ್ಚುವುದು ಹೆಚ್ಚೆಂದರೆ 0.1ರಿಂದ 0.2 ಮಿ.ಮೀ. ಅಗಲದ್ದು. ನೋಟ್‌ಬುಕ್ಕಿನ ಎರಡು ಹಾಳೆ ಜೋಡಿಸಿ ಸಲೀಸಾಗಿ ಒಳಗೆ ಹೋದರೆ ಮೇಸ್ತ್ರಿಯನ್ನು ವಾಪಸ್ ಕರೆಸಿ. ನೀರೂ ಬೇಕೇ ಬೇಕು. ನಮ್ಮ ಮನೆಯ ತಾರಸಿ ಮೋಟುಗೋಡೆಯಲ್ಲಿ ಇಷ್ಟೇ ಸಣ್ಣ ಬಿರುಕಿದೆ. ನಮ್ಮೂರ ಬಿಸಿಲಿಗೆ ಕಾಯ್ದು ಕಾಯ್ದು ಎಂಟು ವರ್ಷವಾದರೂ ಹಾಗೇ ಇದೆ. ಹಾಂ, ಬಿಳಿ ಗೆರೆಯ ಬದಲು ಕಂದು ಕಲೆ ಇಳಿಯುತ್ತಿದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆ ಅಂತ ಅರ್ಥ. ಆಗ ಮೂರು ವಾರ ಕಾಯಬೇಡಿ.